ಮೊದಲ ಪದವಿಯ ತೂಕ

ಅರ್ಥಶಾಸ್ತ್ರ, ಹಣಕಾಸು ಓದಿ ವಿದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರು ಎಂದ ಕೂಡಲೇ ಜನ ಕೇಳುವ ಪ್ರಶ್ನೆಗಳೆಲ್ಲ ಆ ವಿದೇಶದ ವರ್ಷಕ್ಕೇ ಸೇರಿದವು. ಯಾವ ಯೂನಿವರ್ಸಿಟಿ, ಫೀಸು ಎಷ್ಟಾಯಿತು, ಅಲ್ಲೇ ಕೆಲಸ ಸಿಗುತ್ತದೆಯೇ, ವೀಸಾ ಎಷ್ಟು ದಿನದ್ದು. ಅದಕ್ಕೂ ಮುಂಚಿನ ಮೂರು ವರ್ಷ ಏನು ಓದಿದಿರಿ ಎಂದು ಕೇಳುವವರು ವಿರಳ. ನನ್ನ ಆ ಓದಿನ ಕಾಲವನ್ನು ಈಗ ಕುಳಿತು ನೆನೆಯುವಾಗ ನನ್ನಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿರುವ ಅಭಿಪ್ರಾಯ ಒಂದೇ: ವಿದೇಶದ ಸ್ನಾತಕೋತ್ತರ ಓದು ಫಲ ಕೊಡುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲಿನ ಮೊದಲ ಪದವಿಯಲ್ಲಿ. ಆ ಮೂರು ವರ್ಷಗಳಲ್ಲಿ ಗಣಿತ ಕೈಗೆ ಹತ್ತಿರಬೇಕು. ನಮ್ಮ ನಾಡಿನ ದುಡಿಮೆ, ಸಾಲ, ನೀರು, ತೆರಿಗೆಯ ಪ್ರಶ್ನೆಗಳು ತಲೆಯಲ್ಲಿ ಬೇರೂರಿರಬೇಕು. ಮೊದಲನೆಯದಿಲ್ಲದೆ ಹೋದವರಿಗೆ ಅಲ್ಲಿನ ಪಾಠ ಅರ್ಧ ಅರ್ಥವಾಗುತ್ತದೆ. ಎರಡನೆಯದಿಲ್ಲದೆ ಹೋದವರಿಗೆ ಪಾಠ ಅರ್ಥವಾದರೂ ಅದನ್ನು ಯಾವುದಕ್ಕೆ ಹಚ್ಚಬೇಕೆಂದು ತಿಳಿಯುವುದಿಲ್ಲ. ನಮ್ಮ ಬಹುಪಾಲು ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲನೆಯದು ಸಿಗುವುದಿಲ್ಲ, ಎರಡನೆಯದು ಪರೀಕ್ಷೆಯ ನೋಟ್ಸಿನಷ್ಟೇ ಸಿಗುತ್ತದೆ.

ಈ ದಾರಿಯ ರಚನೆಯನ್ನು ಮೊದಲು ನೋಡಬೇಕು. 1999ರ ಜೂನ್‌ನಲ್ಲಿ ಯುರೋಪಿನ 29 ದೇಶಗಳು ಇಟಲಿಯ ಬೊಲೋನ್ಯದಲ್ಲಿ ಉನ್ನತ ಶಿಕ್ಷಣದ ಘೋಷಣೆಗೆ ಸಹಿ ಹಾಕಿದ ಮೇಲೆ, ಮೂರು ವರ್ಷ ಪದವಿ, ಆಮೇಲೆ ಎರಡು ವರ್ಷ ಸ್ನಾತಕೋತ್ತರ ಎಂಬ ಕ್ರಮ ಆ ಖಂಡದ ಹೆಚ್ಚಿನ ಕಡೆ ನೆಲೆಯಾಯಿತು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು, 180 ಕ್ರೆಡಿಟ್. ಅಮೆರಿಕದಲ್ಲಿ ಪದವಿಯೇ ನಾಲ್ಕು ವರ್ಷ. ಹಾಗಾಗಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ, ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ. ಕೂಡಿಸಿದರೆ 15 ಆಗುತ್ತದೆ. ಮೂರು ವರ್ಷದ ಪದವೀಧರರ ಕಣ್ಣು ಬ್ರಿಟನ್ನಿನ ಕಡೆ ಹೊರಳುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಒಂದು ವರ್ಷ ಎಂಬುದು ವರ್ಷವೂ ಅಲ್ಲ. ಸೆಪ್ಟೆಂಬರ್ ಕೊನೆಗೆ ಪಾಠ ಶುರು, ಎರಡು ಟರ್ಮು ಸೇರಿ ಇಪ್ಪತ್ತು ವಾರಗಳ ಆಸುಪಾಸು, ಮೇ-ಜೂನ್‌ನಲ್ಲಿ ಪರೀಕ್ಷೆ, ಬೇಸಿಗೆಯಲ್ಲಿ ಪ್ರಬಂಧ. ಅರ್ಥಶಾಸ್ತ್ರದ ಕೋರ್ಸುಗಳಾದರೆ ಮೈಕ್ರೋ, ಮ್ಯಾಕ್ರೋ, ಇಕಾನೊಮೆಟ್ರಿಕ್ಸ್ ಮೂರೂ ಒಟ್ಟಿಗೆ ಹೊರಡುತ್ತವೆ. ಹಲವು ಕಡೆ ಪಾಠಕ್ಕೆ ಮುಂಚೆ ಕೆಲವು ವಾರ ಗಣಿತ, ಸಂಖ್ಯಾಶಾಸ್ತ್ರದ ಪೂರ್ವಸಿದ್ಧತಾ ತರಗತಿ ಇರುತ್ತದೆ. ಅದು ಗೊತ್ತಿರುವುದನ್ನು ಚುರುಕುಗೊಳಿಸುವುದಕ್ಕೆ, ಹೊಸದಾಗಿ ಕಲಿಸುವುದಕ್ಕಲ್ಲ. ಅಲ್ಲಿಗೆ ಹೋಗಿ ಕಲಿತುಕೊಂಡರಾಯಿತು ಎನ್ನುವವರಿಗೆ ಆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ.

ಇತ್ತ ನಮ್ಮ ಕಡೆ ಅರ್ಥಶಾಸ್ತ್ರ ಸಿಗುವುದು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಜೊತೆಯಲ್ಲಿ. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡವರಿಗೆ ಗಣಿತ ಅಲ್ಲಿಗೇ ಮುಗಿಯುತ್ತದೆ. ಕಾಮರ್ಸ್‌ನವರಿಗೆ ಬೇಸಿಕ್ ಮ್ಯಾಥ್ಸ್ ಎಂಬ ಆಯ್ಕೆ ಇದೆ, ಅದನ್ನೂ ಎಲ್ಲರೂ ತೆಗೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರನ್ನೂ ಒಟ್ಟಿಗೆ ಓದಿಸುವ ಕಾಲೇಜುಗಳು ಬೆಂಗಳೂರಿನಲ್ಲಿ ಕೆಲವಿವೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿಗೆ ಆ ಸಂಯೋಜನೆ ಸಿಗುವುದು ಅಪರೂಪ. ಇತಿಹಾಸ, ರಾಜ್ಯಶಾಸ್ತ್ರ ಓದಿದ್ದು ವ್ಯರ್ಥವೆಂದು ನಾನು ಎಂದೂ ಅಂದುಕೊಂಡಿಲ್ಲ. ಆದರೆ ಕಲನಶಾಸ್ತ್ರ ಗೊತ್ತಿಲ್ಲದೆ ಅರ್ಥಶಾಸ್ತ್ರದ ಪದವಿ ಪಡೆಯುವ ವ್ಯವಸ್ಥೆ ವಿದ್ಯಾರ್ಥಿಯ ಮುಂದಿನ ಬಾಗಿಲುಗಳನ್ನು ಅವನಿಗೆ ತಿಳಿಯದಂತೆಯೇ ಮುಚ್ಚುತ್ತದೆ. ಹದಿನಾರನೇ ವಯಸ್ಸಿನಲ್ಲಿ ಕಾಂಬಿನೇಶನ್ ಆರಿಸುವ ಮಗುವಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ಗಣಿತ ಯಾಕೆ ಬೇಕೆಂಬುದಕ್ಕೆ ಒಂದೇ ಉದಾಹರಣೆ ಬಿಡಿಸಿ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗ ಗಂಗಾವತಿಯ ಕಡೆ, ಕೊನೆಯ ಭಾಗ ಮಾನ್ವಿ, ರಾಯಚೂರಿನ ಕಡೆ. ಮೇಲ್ಭಾಗದಲ್ಲಿ ಭತ್ತ, ಕೊನೆಯ ಭಾಗದಲ್ಲಿ ನೀರಿಗಾಗಿ ಧರಣಿ. ಇದು ದಶಕಗಳ ಕಥೆ. ಒಬ್ಬ ರೈತನಿಗೆ ಇಷ್ಟು ಜಮೀನು, ಇಷ್ಟೇ ನೀರು. ಇದರೊಳಗೆ ಯಾವ ಬೆಳೆ ಎಷ್ಟೆಷ್ಟು ಹಾಕಿದರೆ ಆದಾಯ ಅತಿ ಹೆಚ್ಚು ಎಂಬ ಲೆಕ್ಕವನ್ನು ಲಗ್ರಾಂಜ್ ವಿಧಾನದಲ್ಲಿ ಬಿಡಿಸುತ್ತಾರೆ. ಅದರಲ್ಲಿ ಉತ್ತರದ ಜೊತೆಗೆ ಲ್ಯಾಮ್ಡಾ ಎಂಬ ಇನ್ನೊಂದು ಸಂಖ್ಯೆಯೂ ಹೊರಬರುತ್ತದೆ. ಇನ್ನೊಂದು ಅಂಗುಲ ನೀರು ಸಿಕ್ಕಿದ್ದರೆ ಆ ರೈತನ ಆದಾಯ ಎಷ್ಟು ಏರುತ್ತಿತ್ತು ಎಂಬುದನ್ನು ಅದು ಹೇಳುತ್ತದೆ. ನೀರು ಧಾರಾಳವಾಗಿರುವ ಮೇಲ್ಭಾಗದಲ್ಲಿ ಆ ಸಂಖ್ಯೆ ಸೊನ್ನೆಯ ಹತ್ತಿರ, ಬೆಳೆ ಒಣಗುತ್ತಿರುವ ಕೊನೆಯ ಭಾಗದಲ್ಲಿ ಅದು ತೀರ ಹೆಚ್ಚು. ಎರಡರ ನಡುವಿನ ಅಂತರವೇ ಹಂಚಿಕೆಯ ಅನ್ಯಾಯದಿಂದ ನಾಡು ಕಳೆದುಕೊಳ್ಳುತ್ತಿರುವ ಆದಾಯದ ಅಳತೆ. ಈ ಅಳತೆಯನ್ನು ಮಾತಿನಲ್ಲಿ ಸೂಚಿಸಬಹುದು, ರೂಪಾಯಿಯಲ್ಲಿ ಹೇಳಬೇಕಾದರೆ ಗಣಿತವೇ ಬೇಕು. ಪಠ್ಯಪುಸ್ತಕದಲ್ಲಿ ಈ ಪಾಠ ಸೇಬು, ಕಿತ್ತಳೆ ಕೊಳ್ಳುವ ಗ್ರಾಹಕನ ಮೂಲಕ ಬರುತ್ತದೆ. ಕಾಲುವೆಯ ಕೊನೆಯ ಭಾಗವನ್ನು ಬಲ್ಲ ವಿದ್ಯಾರ್ಥಿ ಅದನ್ನು ಬೇರೆಯೇ ಬಗೆಯಲ್ಲಿ ಓದುತ್ತಾನೆ. ಅವನ ಬಳಿ ವಿಧಾನವೂ ಇದೆ, ಆ ವಿಧಾನಕ್ಕಾಗಿ ಕಾಯುತ್ತಿದ್ದ ಪ್ರಶ್ನೆಯೂ ಇದೆ.

ಹಣಕಾಸಿನ ಕಡೆಗೆ ಬಂದರೆ ಗಣಿತದ ಅಗತ್ಯ ಇನ್ನೂ ನೇರ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಹೂಡಿಕೆಯ ಅಪಾಯವನ್ನು ವೇರಿಯನ್ಸ್ ಎಂದು ಅಳೆದಂದಿನಿಂದ ಆ ಶಾಸ್ತ್ರ ಮ್ಯಾಟ್ರಿಕ್ಸ್, ಸಂಭವನೀಯತೆಯ ಭಾಷೆಯಲ್ಲೇ ನಡೆದಿದೆ. ಆಪ್ಷನ್‌ಗಳ ಬೆಲೆ ಕಟ್ಟುವ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರದ ನಂತರವಂತೂ ಕೇಳುವುದೇ ಬೇಡ. ಆಡಳಿತಗಳೂ ಇದನ್ನು ಗುರುತಿಸಿವೆ. ಅಮೆರಿಕದ ಸರ್ಕಾರಿ ವರ್ಗೀಕರಣದಲ್ಲಿ ಸಾಮಾನ್ಯ ಅರ್ಥಶಾಸ್ತ್ರದ ಕೋಡ್ 45.0601, ಇಕಾನೊಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ್ದು 45.0603. ಎರಡನೆಯದು ವಿಜ್ಞಾನ, ತಂತ್ರಜ್ಞಾನ ವಿಷಯಗಳ ಪಟ್ಟಿಯಲ್ಲಿ ಸೇರಿದೆ. ಆ ಕೋಡಿನ ಪದವಿ ಪಡೆದ ವಿದೇಶಿ ವಿದ್ಯಾರ್ಥಿ ಓದಿನ ನಂತರ ಕೆಲಸ ಮಾಡುವ 12 ತಿಂಗಳ ಅನುಮತಿಗೆ ಇನ್ನೂ 24 ತಿಂಗಳ ವಿಸ್ತರಣೆ ಕೇಳಬಹುದು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ತಮ್ಮ ಅರ್ಥಶಾಸ್ತ್ರದ ಪದವಿಗಳನ್ನು ಎರಡನೆಯ ಕೋಡಿಗೆ ವರ್ಗಾಯಿಸಿಕೊಂಡಿವೆ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಗಣಿತವೇ ಅರ್ಥಶಾಸ್ತ್ರವನ್ನು ಕುರುಡಾಗಿಸಿತು ಎಂಬುದು ಆ ಆಕ್ಷೇಪ. 2000ದಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ತಮಗೆ ಕಲಿಸುತ್ತಿರುವ ಅರ್ಥಶಾಸ್ತ್ರಕ್ಕೆ ಲೋಕದ ಸಂಪರ್ಕವೇ ಇಲ್ಲವೆಂದು ಬಹಿರಂಗ ಪತ್ರ ಬರೆದರು. 2008ರ ಜಾಗತಿಕ ಹಣಕಾಸು ಕುಸಿತದ ಬಳಿಕ, ಆ ವರ್ಷದ ನವೆಂಬರ್‌ನಲ್ಲಿ, ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ ಬಂದಿದ್ದ ರಾಣಿ ಎಲಿಜಬೆತ್ ಇದು ಬರುತ್ತಿರುವುದು ಯಾರಿಗೂ ಯಾಕೆ ಕಾಣಲಿಲ್ಲ ಎಂಬರ್ಥದ ಪ್ರಶ್ನೆ ಕೇಳಿದ್ದು ಪ್ರಸಿದ್ಧ. ಮ್ಯಾಂಚೆಸ್ಟರಿನ ವಿದ್ಯಾರ್ಥಿಗಳು 2012ರಲ್ಲಿ ಸಂಘ ಕಟ್ಟಿ ಪಠ್ಯಕ್ರಮ ಬದಲಿಸಿ ಎಂದು ಒತ್ತಾಯಿಸಿದರು. ಇವರ ದೂರು ನ್ಯಾಯವಾದದ್ದೇ. ಆದರೆ ಅವರು ಕೇಳಿದ್ದು ಇತಿಹಾಸ ಬೇಕು, ಸಂಸ್ಥೆಗಳ ಪರಿಚಯ ಬೇಕು, ಒಂದಕ್ಕಿಂತ ಹೆಚ್ಚು ಸಿದ್ಧಾಂತಗಳ ನೋಟ ಬೇಕು ಎಂದು. ಆ ವಿದ್ಯಾರ್ಥಿಗಳು ಗಣಿತದ ಒಳಗಿದ್ದು ಅದರ ಮಿತಿಯನ್ನು ತೋರಿಸಿದವರು. ಒಂದು ಮಾದರಿಯ ಯಾವ ಊಹೆ ಸುಳ್ಳು, ಆ ಊಹೆ ಬಿದ್ದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ಹೇಳಲು ಆ ಮಾದರಿಯನ್ನು ಬಿಡಿಸಲು ಬರಬೇಕು. ಬಾರದವನು ಎರಡೇ ಕೆಲಸ ಮಾಡಬಲ್ಲ, ಪೂರ್ತಿ ನಂಬಬಲ್ಲ ಅಥವಾ ಪೂರ್ತಿ ತಿರಸ್ಕರಿಸಬಲ್ಲ. ನಮ್ಮ ವಿದ್ಯಾರ್ಥಿಗಳ ಸ್ಥಿತಿ ಪ್ಯಾರಿಸ್ಸಿನವರಿಗೆ ತದ್ವಿರುದ್ಧ. ಅವರಿಗೆ ಗಣಿತ ಅತಿಯಾಗಿತ್ತು, ನಮಗೆ ಅದರ ಬುಡವೇ ಇಲ್ಲ. ಅವರ ಕಾಯಿಲೆಯ ಮದ್ದನ್ನು ನಾವು ಕುಡಿಯುವುದರಲ್ಲಿ ಅರ್ಥವಿಲ್ಲ.

ಗಣಿತದ ಮಾತು ಅಲ್ಲಿಗೆ ಇರಲಿ. ಎರಡನೆಯ ಅಗತ್ಯಕ್ಕೆ, ನಮ್ಮದೇ ಪ್ರಶ್ನೆಗಳನ್ನು ಹೊತ್ತು ಹೋಗುವ ಅಗತ್ಯಕ್ಕೆ, ಡಾ. ಬಿ. ಆರ್. ಅಂಬೇಡ್ಕರರಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಅವರನ್ನು ಸಂವಿಧಾನದ ಮೂಲಕವೇ ಬಲ್ಲ ನಾಡಿಗೆ ಅವರು ತರಬೇತಿಯಿಂದ ಹಣಕಾಸಿನ ಅರ್ಥಶಾಸ್ತ್ರಜ್ಞರು ಎಂಬುದು ಮರೆತೇ ಹೋಗಿದೆ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು, 1915ರಲ್ಲಿ ಎಂ.ಎ.ಗೆ ಅವರು ಸಲ್ಲಿಸಿದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಕುರಿತದ್ದು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ 1916ರಲ್ಲಿ ಹೋದವರು ವಿದ್ಯಾರ್ಥಿವೇತನ ಮುಗಿದದ್ದರಿಂದ ಮರುವರ್ಷ ಹಿಂದಿರುಗಬೇಕಾಯಿತು, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ಹಣ ಕೂಡಿಟ್ಟು 1920ರಲ್ಲಿ ಮತ್ತೆ ಹೋದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಆ ಡಿ.ಎಸ್ಸಿ. ಪ್ರಬಂಧವೇ ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪುಸ್ತಕ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1913ರಲ್ಲಿ ಭಾರತದ ಚಲಾವಣೆ ಕುರಿತು ಬರೆದ ಪುಸ್ತಕದಲ್ಲಿ ಸಮರ್ಥಿಸಿದ್ದ ಚಿನ್ನದ ವಿನಿಮಯ ಪದ್ಧತಿಯನ್ನು ಈ ಭಾರತೀಯ ವಿದ್ಯಾರ್ಥಿ ಅವರದೇ ಶಾಸ್ತ್ರದ ನೆಲದ ಮೇಲೆ ನಿಂತು ವಿರೋಧಿಸಿದರು. ಮಾರ್ಗದರ್ಶಕರಾಗಿದ್ದ ಎಡ್ವಿನ್ ಕ್ಯಾನನ್, ಅಂಬೇಡ್ಕರರ ವಾದದ ಎಲ್ಲ ಭಾಗಗಳನ್ನು ಒಪ್ಪದೆಯೂ ಮುನ್ನುಡಿ ಬರೆದುಕೊಟ್ಟರು. ರೂಪಾಯಿಯ ಬೆಲೆ ಕುಸಿದಾಗ ವ್ಯಾಪಾರಿಗೆ ಲಾಭ, ಆದರೆ ಬೆಲೆ ಏರಿದಷ್ಟು ಬೇಗ ಕೂಲಿ ಏರದ ಕಾರಣ ಆ ಲಾಭ ಬರುವುದು ಕೂಲಿಕಾರನ ಜೇಬಿನಿಂದ ಎಂದು ತೋರಿಸಿದ್ದು ಆ ಪುಸ್ತಕದ ಜೀವಾಳ. ಇದು ಲಂಡನ್ನಿನ ಗ್ರಂಥಾಲಯದಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಅದನ್ನು ಸಾಬೀತು ಮಾಡುವ ಸಾಧನ ಮಾತ್ರ ಅಲ್ಲಿ ಸಿಕ್ಕಿತು. ಭಾರತದ ಚಲಾವಣೆ ಕುರಿತು 1925ರಲ್ಲಿ ನೇಮಕವಾದ ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಇದೇ ವಿದ್ವತ್ತಿನ ಬಲದಿಂದ ಸಾಕ್ಷ್ಯ ನುಡಿದರು.

ಇನ್ನೊಂದು ಹೆಸರು ನಮಗೆ ಇನ್ನೂ ಹತ್ತಿರದ್ದು. ವಿ.ಕೆ.ಆರ್.ವಿ. ರಾವ್ ಮುಂಬಯಿಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು, 1937ರಲ್ಲಿ ಡಾಕ್ಟರೇಟ್ ಪಡೆದರು. ಅವರು ಹಿಡಿದದ್ದು ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯ ಎಷ್ಟು ಎಂಬ ಪ್ರಶ್ನೆ. ಆದಾಯ ತೆರಿಗೆಯ ದಾಖಲೆಯಲ್ಲಿ ಹೆಸರೇ ಇಲ್ಲದ ಕೋಟ್ಯಂತರ ಜನರ ಆದಾಯವನ್ನು ಅಳೆಯಲು ಕೃಷಿಗೆ ಉತ್ಪನ್ನದ ಲೆಕ್ಕ, ಉಳಿದವಕ್ಕೆ ಆದಾಯದ ಲೆಕ್ಕ ಎಂದು ಎರಡು ವಿಧಾನಗಳನ್ನು ಕೂಡಿಸಿದರು. ಅದೇ ರಾವ್ ಮುಂದೆ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಕಟ್ಟಿದರು, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು, ಐಸೆಕ್ ಎಂದು ಎಲ್ಲರೂ ಕರೆಯುವ ಸಂಸ್ಥೆಯನ್ನು, ಸ್ಥಾಪಿಸಿದರು. ಪ್ರಶ್ನೆ ಹೊತ್ತು ಹೋದವರು ಸಂಸ್ಥೆ ಕಟ್ಟಲು ಮರಳಿದರು.

ಹಣಕಾಸಿನ ಪಾಠಕ್ಕೆ ಕರ್ನಾಟಕದಷ್ಟು ಒಳ್ಳೆಯ ನೆಲ ದೇಶದಲ್ಲಿ ಕಡಿಮೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಮರುವರ್ಷ ಕರಾವಳಿಯಲ್ಲಿ ಕೆನರಾ, ಕಾರ್ಪೊರೇಷನ್ ಬ್ಯಾಂಕುಗಳ ಬೀಜ ಬಿತ್ತು. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು: ಏಜೆಂಟು ದಿನಾ ಅಂಗಡಿಗೆ, ಮನೆಗೆ ಬಂದು ಎರಡಾಣೆಯಂಥ ಸಣ್ಣ ಮೊತ್ತ ಸಂಗ್ರಹಿಸಿ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಉಳಿತಾಯದ ಯೋಜನೆ ಎಂದಷ್ಟೇ ನೋಡಿದರೆ ಇದರ ಅರ್ಧ ಮಾತ್ರ ಕಂಡಂತೆ. ಸಾಲ ಕೇಳುವವನ ನಿಜಸ್ಥಿತಿ ಅವನಿಗೆ ಗೊತ್ತು, ಸಾಲ ಕೊಡುವವನಿಗೆ ಗೊತ್ತಿಲ್ಲ. ಈ ಅಸಮಾನತೆ ಮಾರುಕಟ್ಟೆಯನ್ನೇ ಕೆಡಿಸಬಲ್ಲದು ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು, ಸ್ಟಿಗ್ಲಿಟ್ಸ್ ಮತ್ತು ವೈಸ್ 1981ರಲ್ಲಿ ಬ್ಯಾಂಕ್ ಸಾಲಕ್ಕೆ ಅನ್ವಯಿಸಿದರು. ದಿನದಿನದ ಪಿಗ್ಮಿ ಪುಸ್ತಕ ಒಬ್ಬ ಚಿಲ್ಲರೆ ವ್ಯಾಪಾರಿಯ ಆದಾಯದ ಏರಿಳಿತವನ್ನು ದಾಖಲಿಸುತ್ತದೆ, ಯಾವ ತಿಂಗಳು ಅವನ ಕೈ ಬರಿದಾಗಿತ್ತು ಎಂಬುದನ್ನೂ. ಸಿದ್ಧಾಂತ ಹೆಸರಿಟ್ಟ ಕೊರತೆಯನ್ನು ಆ ಪುಸ್ತಕ ನಾಲ್ಕು ದಶಕ ಮುಂಚೆಯೇ ತುಂಬುತ್ತಿತ್ತು. ಇದನ್ನು ನಾಡಹೆಮ್ಮೆಗಾಗಿ ಹೇಳುತ್ತಿಲ್ಲ. ಪಿಗ್ಮಿಯನ್ನು ಗಮನಿಸಿ ಬೆಳೆದವನಿಗೆ ಆ ಪ್ರಬಂಧಗಳ ತಿರುಳು ಬೇಗ ದಕ್ಕುತ್ತದೆ, ಆ ಪ್ರಬಂಧ ಓದಿದವನಿಗೆ ಪಿಗ್ಮಿಯಲ್ಲಿ ಸಂಶೋಧನೆಯ ವಿಷಯ ಕಾಣುತ್ತದೆ. ಎರಡನ್ನೂ ಜೋಡಿಸುವ ಕೆಲಸ ನಮ್ಮ ಬಿ.ಎ. ತರಗತಿಯಲ್ಲಿ ಆಗಬೇಕಿತ್ತು.

ಇದೆಲ್ಲ ವಿದ್ವಾಂಸರಾಗುವವರ ಮಾತು, ಬಹಳಷ್ಟು ಮಕ್ಕಳು ಹೋಗುವುದು ಕೆಲಸಕ್ಕಾಗಿ ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ, ಕೆಲಸಕ್ಕಾಗಿ ಓದುವುದು ಗೌರವದ ಉದ್ದೇಶವೇ. ಆದರೆ ಆಗ ಲೆಕ್ಕ ಇನ್ನೂ ಕಟ್ಟುನಿಟ್ಟಾಗಿರಬೇಕು. ಶೇಕಡಾ 10ರ ಬಡ್ಡಿಗೆ 30 ಲಕ್ಷ ರೂಪಾಯಿ ಶಿಕ್ಷಣ ಸಾಲ ಎಂದಿಟ್ಟುಕೊಳ್ಳಿ. ಓದಿನ ಒಂದು ವರ್ಷ, ಆಮೇಲಿನ ವಿನಾಯಿತಿಯ ಒಂದು ವರ್ಷ, ಸರಳ ಬಡ್ಡಿಯಲ್ಲೇ 6 ಲಕ್ಷ ಸೇರಿ ಅಸಲು 36 ಲಕ್ಷ ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 47,500 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಪೌಂಡಿನಲ್ಲಿ ಸಂಬಳ ಬಂದರೆ ಇದು ಹಗುರ, ರೂಪಾಯಿಯ ಮೊದಲ ಸಂಬಳದಲ್ಲಿ ಇದು ಉಸಿರು ಕಟ್ಟಿಸುತ್ತದೆ. ಖರ್ಚು ಒಂದು ಹಣದಲ್ಲಿ, ಆದಾಯ ಇನ್ನೊಂದರಲ್ಲಿ ಇರುವುದನ್ನು ಹಣಕಾಸಿನ ಮೊದಲ ಪಾಠಗಳೇ ಅಪಾಯವೆಂದು ಕರೆಯುತ್ತವೆ. ಉಳಿಯುವ ವೀಸಾದ ನಿಯಮವನ್ನು ನಂಬಿ ಹೂಡುವುದಂತೂ ಇನ್ನೂ ಅಪಾಯ. ಬ್ರಿಟನ್ 2021ರಲ್ಲಿ ಎರಡು ವರ್ಷದ ಅವಕಾಶ ತೆರೆದು, ಈಗ ಅದನ್ನು 18 ತಿಂಗಳಿಗೆ ಇಳಿಸುವ ನಿರ್ಧಾರ ಮಾಡಿದೆ. ನಿಯಮ ಬದಲಾದರೂ ಕೈಯಲ್ಲಿ ಉಳಿಯುವುದು ಕೌಶಲ. ಬ್ಯಾಂಕು, ಸಂಶೋಧನಾ ಸಂಸ್ಥೆ, ಸರ್ಕಾರದ ಸಾಂಖ್ಯಿಕ ಇಲಾಖೆ ಎಲ್ಲಿಗೇ ಹೋದರೂ ದತ್ತಾಂಶ ಬಿಡಿಸಲು ಬಲ್ಲವನಿಗೆ ಬೆಲೆಯಿದೆ. ಅಂದರೆ ಕೆಲಸದ ವಾದವೂ ಕೊನೆಗೆ ಬಂದು ನಿಲ್ಲುವುದು ಮೊದಲ ಪದವಿಯ ಗುಣಮಟ್ಟದ ಬಳಿಯೇ.

ಕನ್ನಡ ಮಾಧ್ಯಮದಲ್ಲಿ ಓದಿದ, ಅಡವಿಡಲು ಆಸ್ತಿಯಿಲ್ಲದ ಮನೆಯ ಮಗುವಿಗೆ ಈ ಮಾತಿನಿಂದ ಏನು ಪ್ರಯೋಜನ ಎಂಬ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಭಾರವಾದದ್ದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲದ ಮಿತಿ 7.5 ಲಕ್ಷ ರೂಪಾಯಿ. ಅದರಲ್ಲಿ ವಿದೇಶದ ವರ್ಷ ಮುಗಿಯುವುದಿಲ್ಲ. ಕರ್ನಾಟಕದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ನೆರವು ಕೊಡುತ್ತದೆ, ಅದು ಇನ್ನೂ ಬೆಳೆಯಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಾಮಾಜಿಕ ಅಧ್ಯಯನದ ವಿಷಯಗಳನ್ನು ಕೈಬಿಟ್ಟರು. ಈಸ್ಟ್ ಇಂಡಿಯಾ ಕಂಪನಿಯ ಹಣಕಾಸನ್ನು ಕೊಲಂಬಿಯಾದಲ್ಲಿ ಅಧ್ಯಯನ ಮಾಡಿದ ಒಬ್ಬ ಯುವಕನನ್ನು ನೆನೆದರೆ ಈ ನಿಯಮ ನೋವುಂಟುಮಾಡುತ್ತದೆ. ಮಾಧ್ಯಮದ ವಿಚಾರದಲ್ಲಿ ನನ್ನ ಅನಿಸಿಕೆ ಬೇರೆ: ಗಣಿತದಲ್ಲಿ ಕನ್ನಡದ ವಿದ್ಯಾರ್ಥಿ ಹಿಂದೆ ಬೀಳಲು ಕಾರಣವೇ ಇಲ್ಲ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಬರೆಯಲು ವರ್ಷಗಳು ಬೇಕು, ಒಂದು ಡೆರಿವೇಟಿವ್ ಬಿಡಿಸಲು ಯಾವ ಊರಿನ ಉಚ್ಚಾರವೂ ಅಡ್ಡಿ ಬರುವುದಿಲ್ಲ. ಬಡ ಮನೆಯ ಮಕ್ಕಳಿಗೆ ಸಮನಾದ ನೆಲ ಸಿಗುವ ಜಾಗವೆಂದರೆ ಇದು, ಅದನ್ನೇ ನಾವು ಅವರಿಂದ ತಪ್ಪಿಸುತ್ತಿದ್ದೇವೆ.

ಈ ನಡುವೆ ರಾಜ್ಯದ ಪದವಿ 2021ರಲ್ಲಿ ನಾಲ್ಕು ವರ್ಷದ ಕಡೆ ಹೊರಳಿ 2024ರಲ್ಲಿ ಮೂರಕ್ಕೆ ಮರಳಿತು. ಎಷ್ಟು ವರ್ಷ ಎಂಬ ಚರ್ಚೆಯ ಗದ್ದಲದಲ್ಲಿ ಆ ವರ್ಷಗಳಲ್ಲಿ ಏನು ಎಂಬ ಚರ್ಚೆ ಹಿಂದೆ ಸರಿಯಿತು. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ಪಿಯುಸಿಯಿಂದ ನೇರ ಐದು ವರ್ಷದ ಎಂ.ಎಸ್ಸಿ. ಕೊಡುತ್ತದೆ, ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಅದು ಪುರಾವೆ. ಆದರೆ ಒಂದು ಸಂಸ್ಥೆಯಿಂದ ರಾಜ್ಯಕ್ಕೆ ಆಗುವುದಿಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಒಟ್ಟಿಗೆ ಸಿಗಲಿ, ಅದರ ಪಾಠದೊಳಗೆ ಕಾಲುವೆ, ಸಹಕಾರ ಸಂಘ, ಪಿಗ್ಮಿ ಪುಸ್ತಕ ಬರಲಿ ಎಂದು ವಿಶ್ವವಿದ್ಯಾಲಯಗಳನ್ನು ಕೇಳುವುದು ದುಬಾರಿ ಬೇಡಿಕೆಯೇನಲ್ಲ. ಅದಾಗುವ ತನಕ ತಂದೆತಾಯಂದಿರಿಗೂ ವಿದ್ಯಾರ್ಥಿಗಳಿಗೂ ನನ್ನ ವಿನಂತಿ ಇಷ್ಟೇ: ವಿದೇಶದ ಯೂನಿವರ್ಸಿಟಿಗಳ ರ್ಯಾಂಕಿಂಗ್ ತಿರುವಿ ಹಾಕುವ ಮುಂಚೆ, ನೀವು ಸೇರಲಿರುವ ಇಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗುವುದಿಲ್ಲ ಎಂದರೆ ಸಿಗುವ ಕಾಲೇಜನ್ನು ಹುಡುಕಿಕೊಂಡು ಹೋಗಿ.